ಕೊಟ್ಟ ಬಣ್ಣ ಮತ್ತೆ ಕೊಡುತ್ತೇವೆ

ನನ್ನ ತಮ್ಮ ಬಣ್ಣದ ಅಂಗಡಿಯವನು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲು ತೆರೆದಿದ್ದರೆ ಒಗ್ಗರಣೆಯ ಘಾಟು ಅಂಗಡಿಗೂ ಟರ್ಪೆಂಟೈನ್ ವಾಸನೆ ಅಡುಗೆಮನೆಗೂ ಹೋಗಿ ಬರುತ್ತದೆ. ನಮ್ಮ ಯಜಮಾನರು ಹೋದ ಮೇಲೆ ನಾನು ತಮ್ಮನ ಮನೆಯಲ್ಲೇ ಇದ್ದೇನೆ. ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂತರೆ ಎರಡು ಕಡೆಯ ಮಾತೂ ಕಿವಿಗೆ ಬೀಳುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಬರುವ ಇಂಗ್ಲಿಷ್ ಓದಲು ನನಗೆ ಬಾರದು. ಅದು ಏನು ಹೇಳಿತು ಎಂದು ಅವರವರು ಆಡಿಕೊಂಡದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನನ್ನ ತಮ್ಮ ಕೈಯಲ್ಲೇ ಬಣ್ಣ ಬೆರೆಸುತ್ತಿದ್ದ. ಬಿಳಿಯ ಡಬ್ಬಿಗೆ ಅಂದಾಜಿನಲ್ಲಿ ಹಳದಿಯೋ ನೀಲಿಯೋ ಹಾಕಿ, ಕೋಲಿನಲ್ಲಿ ಕಲಕಿ, ಕೋಲಿನ ತುದಿಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಬಣ್ಣ ಚೆನ್ನಾಗಿಯೇ ಬರುತ್ತಿತ್ತು. ಎರಡನೇ ಡಬ್ಬಿ ಮಾತ್ರ ಮೊದಲನೆಯದರ ಹಾಗೆ ಬರುತ್ತಿರಲಿಲ್ಲ. ಒಂದೇ ಕೋಣೆಯ ನಾಲ್ಕು ಗೋಡೆಗಳು ನಾಲ್ಕು ದಾಯಾದಿಗಳ ಹಾಗೆ ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದವು. ನಮ್ಮಲ್ಲಿಗೆ ದಿನವೂ ಬರುವ ಪೇಂಟರ್ ಒಬ್ಬನಿದ್ದಾನೆ. ಅವನು ಎಲ್ಲರೆದುರೇ ಹೇಳುತ್ತಿದ್ದ, "ಸಾವ್ಕಾರ್ರೇ, ನಿಮ್ಮಂಗಡಿ ಬಣ್ಣ ಮೋಡ ಇದ್ದ ಹಾಗೆ. ನೋಡೋಕೆ ಚೆಂದ, ಆದ್ರೆ ಹೋದದ್ದು ಮತ್ತೆ ಬರಲ್ಲ." ತಮ್ಮ ನಗುತ್ತಿದ್ದ. ಒಳಗೆ ಬಂದು ಊಟಕ್ಕೆ ಕೂತಾಗ ನಗು ಇರುತ್ತಿರಲಿಲ್ಲ.

ಆಮೇಲೆ ಬಣ್ಣದ ಕಂಪನಿಯವರು ಯಂತ್ರ ತಂದಿಟ್ಟರು. ಬೀರುವಿನಷ್ಟು ಎತ್ತರ, ಅದರ ಹೊಟ್ಟೆಯಲ್ಲಿ ಬಗೆಬಗೆಯ ಬಣ್ಣ, ಪಕ್ಕದಲ್ಲಿ ಅದಕ್ಕೆ ಅಪ್ಪಣೆ ಕೊಡಲು ಒಂದು ಕಂಪ್ಯೂಟರ್. ಇಷ್ಟು ಹನಿ ಕೆಂಪು, ಇಷ್ಟು ಹನಿ ಕಪ್ಪು ಎಂದು ಕಂಪ್ಯೂಟರ್ ಹೇಳುತ್ತದೆ, ಯಂತ್ರ ಅಷ್ಟೇ ಹನಿಯನ್ನು ಬಿಳಿಯ ಡಬ್ಬಿಗೆ ಬಿಡುತ್ತದೆ. ಹೇಳಿದ್ದನ್ನು ಕಂಪ್ಯೂಟರ್ ಮರೆಯುವುದಿಲ್ಲ. ವರ್ಷ ಬಿಟ್ಟು ಬಂದು ಕೇಳಿದರೂ ಅದೇ ಬಣ್ಣ. ಅದು ಬಂದ ದಿನ ತಮ್ಮ ಏಣಿ ಹಾಕಿಕೊಂಡು ಅಂಗಡಿಯ ಬೋರ್ಡಿನ ಕೆಳಗೆ ತನ್ನ ಕೈಯಾರೆ ಕೆಂಪಿನಲ್ಲಿ ಬರೆದ: "ಕೊಟ್ಟ ಬಣ್ಣ ಮತ್ತೆ ಕೊಡುತ್ತೇವೆ." ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಸ್ವಲ್ಪ ಮೇಲಕ್ಕೆ ಹತ್ತಿಕೊಂಡು ಕೂತಿತು. ಅಷ್ಟಾದರೂ ಆ ಸಾಲನ್ನು ನೋಡದೆ ಅವನು ಯಾವತ್ತೂ ಬಾಗಿಲು ಹಾಕಿದವನಲ್ಲ.

ಕಂಪ್ಯೂಟರನ್ನು ಅವನು ನೋಡಿಕೊಂಡದ್ದು ಹಾಲು ಕರೆಯುವ ಎಮ್ಮೆಯನ್ನು ನೋಡಿಕೊಂಡ ಹಾಗೆ. ಯಾರೂ ಹಿಂದೆ ಹೋಗಬಾರದು, ಜೋರಾಗಿ ಮಾತಾಡಬಾರದು. ಆರಿಸಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂಬ ಭಯದಿಂದ ಆರಿಸುತ್ತಲೇ ಇರಲಿಲ್ಲ. ಬೆಳಿಗ್ಗೆ ಅದಕ್ಕೆ ಹೊದಿಸಿದ್ದ ಬಟ್ಟೆ ಸರಿಸಿದ ಕೂಡಲೇ ಪರದೆಯ ಮೇಲೆ ಒಂದು ಚಿಕ್ಕ ಚೌಕ ಬಂದು ಕೇಳುತ್ತಿತ್ತಂತೆ: ಹೊಸ ಅಪ್ಡೇಟ್ ಬಂದಿದೆ, ಈಗ ಹಾಕಲೋ, ಆಮೇಲೆ ಹಾಕಲೋ? ತಮ್ಮ ಅದಕ್ಕೆ ಬಾಯಿಬಿಟ್ಟು ಉತ್ತರ ಕೊಡುತ್ತಿದ್ದ. "ಬೋಣಿ ಆಗಿಲ್ಲ, ಆಮೇಲೆ ಬಾರಪ್ಪ." ಮಧ್ಯಾಹ್ನ ಮತ್ತೆ ಬಂದರೆ "ಊಟದ ಹೊತ್ತು, ಆಮೇಲೆ." ವಿಮೆ ಮಾಡಿಸಿ ಎಂದು ದುಂಬಾಲು ಬೀಳುವವರಿಗೆ ಅವನು ಹೇಳುತ್ತಿದ್ದದ್ದೂ ಅದೇ ಧಾಟಿಯಲ್ಲಿ. ವರ್ಷಗಟ್ಟಲೆ ಹೀಗೆ ನಡೆಯಿತು. ಒಂದು ದಿನದಿಂದ ಆ ಚೌಕ ಬರುವುದೇ ನಿಂತುಹೋಯಿತು. ತಮ್ಮನಿಗೆ ಗೆದ್ದಷ್ಟು ಸಂತೋಷವಾಯಿತು.

ಇನ್ನು ಬೀಗಿತ್ತಿಯ ವಿಷಯ. ತಮ್ಮನ ಮಗಳನ್ನು ಎದುರು ಸಾಲಿನ ಮನೆಗೇ ಕೊಟ್ಟಿದ್ದೇವೆ. ಹುಡುಗಿಯ ಅತ್ತೆ ಒಳ್ಳೆಯವರು, ಆದರೆ ಇಸ್ತ್ರಿ ಮಾಡಿ ತಂದ ಬಟ್ಟೆಯನ್ನು ಬಿಚ್ಚಿ ನೋಡಿ ಮತ್ತೆ ಇಸ್ತ್ರಿಗೆ ಕಳಿಸುವಂಥವರು. ಅವರ ಮನೆಯ ಮೆಟ್ಟಿಲ ಮೇಲೆ ಕೂತರೆ ನಮ್ಮ ಬೋರ್ಡು ನೆಟ್ಟಗೆ ಕಾಣುತ್ತದೆ. ಕಾಂಪೌಂಡ್ ಗೋಡೆಗೆ ಬಣ್ಣ ಹೊಡೆಸಬೇಕೆಂದು ಆಕೆ ಬಂದು ಕಂಪನಿಯ ಬಣ್ಣದ ಪುಸ್ತಕವನ್ನು ಪುಟಪುಟವೂ ತಿರುವಿದರು. ಇದು ಆಸ್ಪತ್ರೆ ಇದ್ದ ಹಾಗಿದೆ, ಇದು ಜೈಲು, ಇದು ಹಲ್ಲುಜ್ಜದವರ ಹಲ್ಲು ಅಂದರು. ಕೊನೆಗೆ ತಮ್ಮ ಪುಸ್ತಕ ಮುಚ್ಚಿಟ್ಟು, ಒಂದೊಂದೇ ಹನಿ ಹೆಚ್ಚುಕಡಿಮೆ ಮಾಡುತ್ತಾ, ಮಜ್ಜಿಗೆಯ ಮೇಲೆ ಮೋಡದ ನೆರಳು ಬಿದ್ದಂಥ ಒಂದು ಬಣ್ಣ ಮಾಡಿಕೊಟ್ಟ. ಬೀಗಿತ್ತಿ ಬಹಳ ಹೊತ್ತು ನೋಡಿ "ಹೂಂ" ಅಂದರು. ಆ ಹೂಂ ಮತ್ತೆ ಸಿಗಲಿಕ್ಕಿಲ್ಲ ಎಂದು ತಮ್ಮ ಆ ಬಣ್ಣವನ್ನು ಕಂಪ್ಯೂಟರಿನಲ್ಲಿ "ಒಪ್ಪಿದರು" ಎಂಬ ಹೆಸರಿನಲ್ಲಿ ಇಟ್ಟುಕೊಂಡ.

ಗೇಟಿನ ಎಡಗಡೆಯ ಗೋಡೆ ಮುಗಿಯಿತು. ಮಾಡಿಕೊಟ್ಟ ಬಣ್ಣದ ಡ್ರಮ್ಮೂ ಖಾಲಿಯಾಯಿತು. ಬಲಗಡೆಗೆ ಬಣ್ಣ ಬೇಕೆಂದು ಪೇಂಟರ್ ಬಂದು ನಿಂತ. ತಮ್ಮ "ಒಪ್ಪಿದರು" ಎಂಬುದನ್ನು ಒತ್ತಿದ. ಕಂಪ್ಯೂಟರ್ ಹಲ್ಲು ಕಡಿದ ಹಾಗೆ ಕಟಕಟ ಅಂದು, ಪರದೆ ಪೂರಾ ನೀಲಿಯಾಗಿ, ಅದರ ಮೇಲೆ ಬಿಳಿಯ ಅಕ್ಷರ ಹರಡಿಕೊಂಡು ನಿಂತುಬಿಟ್ಟಿತು.

"ಇದೇನು ಸಾವ್ಕಾರ್ರೇ, ನೀಲಿ ತೋರಿಸ್ತಿದೆ? ಅಮ್ಮಾವ್ರು ನೀಲಿ ಕೇಳಿಲ್ವಲ್ಲ," ಅಂದ ಪೇಂಟರ್.

"ಸುಸ್ತಾಗಿರುತ್ತೆ. ಸ್ವಲ್ಪ ಕೂತ್ಕೊಳ್ಳಲಿ," ಎಂದು ತಮ್ಮ ಅದಕ್ಕೆ ಮೇಜಿನ ಫ್ಯಾನ್ ತಿರುಗಿಸಿಟ್ಟ.

ಸಂಜೆಯಾದರೂ ಅದು ಎದ್ದೇಳಲಿಲ್ಲ. ಆಗ ಅರ್ಧಗಂಟೆಗೆ ಹೇಳಿಕಳಿಸಿದರು.

ಅರ್ಧಗಂಟೆ ಅಂದರೆ ಕಂಪ್ಯೂಟರ್ ರಿಪೇರಿಯವನು. ಅವನಿಗೊಂದು ಹೆಸರು ಇದ್ದೇ ಇರಬೇಕು, ಆದರೆ ಯಾರೂ ಅದನ್ನು ಬಳಸಿದ್ದು ನಾನು ಕೇಳಿಲ್ಲ. ಎಷ್ಟು ಹೊತ್ತಿನ ಕೆಲಸ ಎಂದು ಯಾರು ಕೇಳಿದರೂ "ಅರ್ಧ ಗಂಟೆ" ಅನ್ನುವುದು ಅವನ ಪದ್ಧತಿ. ಸುಳ್ಳು ಹೇಳುವವನಲ್ಲ. ಒಂದು ಅರ್ಧ ಗಂಟೆ ಮುಗಿದ ಮೇಲೆ ಇನ್ನೊಂದನ್ನು ಹೊಸದಾಗಿ ಶುರುಮಾಡುತ್ತಾನೆ, ಅಷ್ಟೇ. ಅವನು ಬಂದು ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟ. ಒಳಗೆಲ್ಲ ಬಣ್ಣದ ಪುಡಿಯ ಧೂಳು ಪದರ ಪದರವಾಗಿ ಕೂತಿತ್ತು.

"ಅಣ್ಣಾ, ಯಾವ ವರ್ಷ ಯಾವ ಪುಡಿ ಮಾರಿದ್ರಿ ಅಂತ ಇದನ್ನ ನೋಡಿದ್ರೇ ಗೊತ್ತಾಗುತ್ತೆ. ಕೊನೇ ಸಲ ಅಪ್ಡೇಟ್ ಮಾಡಿದ್ದು ಯಾವಾಗ?"

"ಅದು ದಿನಾ ಕೇಳ್ತಿತ್ತು. ನಾನು ಆಮೇಲೆ ಅಂತಿದ್ದೆ."

"ಈಗ?"

"ಈಗ ಕೇಳೋದು ಬಿಟ್ಟಿದೆ. ನನ್ನ ಸ್ವಭಾವ ತಿಳ್ಕೊಂಡಿದೆ."

"ತಿಳ್ಕೊಂಡಿದ್ದಲ್ಲ ಅಣ್ಣಾ. ಇದನ್ನ ಮಾಡಿದವರೇ ಇದರ ಕೈ ಬಿಟ್ಟು ಎಷ್ಟೋ ಕಾಲ ಆಯ್ತು. ಹೊಸದು ಬಂತು, ಅದರ ಮೇಲೆ ಇನ್ನೊಂದು ಹೊಸದು ಬಂತು. ಇದು ಪಾಪ, ಅತ್ತ ತವರೂ ಇಲ್ಲ, ಇತ್ತ ಗಂಡನ ಮನೇನೂ ಇಲ್ಲ ಅನ್ನೋ ಹಾಗೆ ನಿಮ್ಮ ಮೂಲೇಲಿ ಕೂತಿದೆ."

ತಮ್ಮ ನಾನು ಕೂತಿದ್ದ ಬಾಗಿಲ ಕಡೆ ನೋಡಿ ಬೇಗ ಮುಖ ತಿರುಗಿಸಿದ. ಅರ್ಧಗಂಟೆಗೂ ಹೊಳೆಯಿತು. "ನಿಮಗೆ ಹೇಳಿದ್ದಲ್ಲಮ್ಮಾ," ಅಂದ.

"ಗೊತ್ತಪ್ಪ. ನೀನು ಕೆಲಸ ನೋಡು," ಅಂದೆ ನಾನು.

ಅವನು ಧೂಳು ಊದಿ, ಬ್ರಷ್ ಆಡಿಸಿ, ಒಂದು ಸಿಡಿ ಹಾಕಿ, ಇದೇ ರಿಪೇರಿ ಮಾಡುತ್ತದೆ, ಅರ್ಧ ಗಂಟೆ ಎಂದು ಕೂತ. ಪರದೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ಬೆಳೆಯಬೇಕಂತೆ. ಅದು ಅರ್ಧದಷ್ಟು ಬೆಳೆದು, ದಾರಿಯಲ್ಲಿ ಪರಿಚಯದವರು ಸಿಕ್ಕ ಹಾಗೆ ಅಲ್ಲೇ ನಿಂತುಬಿಟ್ಟಿತು. ಮಾರನೇ ದಿನವೂ ಅಲ್ಲೇ ನಿಂತಿತ್ತು. ಒಳಗಿನ ಹಾರ್ಡ್ ಡಿಸ್ಕ್ ಸವೆದುಹೋಗಿದೆ, ಎಲ್ಲ ನೆನಪೂ ಇರುವುದು ಅದರಲ್ಲೇ, ಹೊಸ ಡಿಸ್ಕ್ ಹಾಕಿ ಕಂಪ್ಯೂಟರಿಗೆ ಮೊದಲಿನಿಂದ ಎಲ್ಲ ಕಲಿಸಬೇಕು ಅಂದ ಅರ್ಧಗಂಟೆ.

"ಕಲಿಸು. ನನ್ನ ಬಣ್ಣಗಳು?"

"ಕಂಪನಿ ಪುಸ್ತಕದ ಬಣ್ಣ ಕಂಪನಿಯೋರು ಮತ್ತೆ ಕೊಡ್ತಾರೆ. ನೀವೇ ಮಾಡಿ ಇಟ್ಕೊಂಡಿದ್ದು ಈ ಡಿಸ್ಕ್ ಜೊತೆಗೇ ಹೋಗುತ್ತೆ."

ಬೀಗಿತ್ತಿ ರಸ್ತೆ ದಾಟಿ ಬಂದದ್ದು ಅದೇ ಹೊತ್ತಿಗೆ. ಆಕೆ ಅಂಗಡಿಯೊಳಗೆ ಕಾಲಿಡಲಿಲ್ಲ. ಹೊರಗೇ ನಿಂತು, ತಲೆ ಎತ್ತಿ, ಬೋರ್ಡಿನ ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದರು.

"ಬೀಗರೇ, ಈ ತಿಂಗಳ ಕೊನೇಲಿ ನನ್ನ ಓರಗಿತ್ತಿ ಬರ್ತಾಳೆ. ಅರ್ಧ ಕ್ಷೌರ ಮಾಡಿಸ್ಕೊಂಡು ಎದ್ದುಬಂದೋರ ಹಾಗಿದೆ ನಮ್ಮ ಗೋಡೆ. ಅಷ್ಟರೊಳಗೆ ಆ ಕಡೇದಕ್ಕೂ ಅದೇ ಬಣ್ಣ ಆಗ್ಬೇಕು. ಆಗಲ್ಲ ಅಂದ್ರೆ ಬೇಜಾರಿಲ್ಲ, ಈ ಸಾಲು ಅಳಿಸಿಬಿಡಿ. ದಿನಾ ಬೆಳಿಗ್ಗೆ ಎದ್ದು ನಮ್ಮ ಮೆಟ್ಟಿಲ ಮೇಲೆ ಕೂತು ಸುಳ್ಳು ಓದೋಕೆ ನಂಗಾಗಲ್ಲ."

ಬೈದಿದ್ದರೆ ತಮ್ಮ ಮರೆತುಬಿಡುತ್ತಿದ್ದ. ಆಕೆ ನಿಧಾನವಾಗಿ ಹೇಳಿ ಹೋದರು. ಪೇಂಟರ್ ಮೆಲ್ಲಗೆ "ಮೋಡ" ಅಂದ. ತಮ್ಮ ಅವನಿಗೆ ಹೊರಗೆ ಹೋಗಲು ಹೇಳಿದ.

ಅರ್ಧಗಂಟೆ ಆ ಡಿಸ್ಕನ್ನು ಬಿಚ್ಚಿ ಕೈಯಲ್ಲಿ ತೂಗಿ, ಒಮ್ಮೊಮ್ಮೆ ತಣ್ಣಗೆ ಮಾಡಿದರೆ ಕೊಂಚ ಹೊತ್ತು ಬದುಕುತ್ತದೆ, ಅಷ್ಟರಲ್ಲಿ ಇದ್ದದ್ದನ್ನು ಎತ್ತಿಕೊಳ್ಳಬಹುದು ಅಂದ. ಸರಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಮ್ಮ ಫ್ರಿಜ್ಜಿನಲ್ಲಿ ಟೊಮೆಟೊ ಪಕ್ಕಕ್ಕೆ ಇಟ್ಟರು.

"ಅತ್ತಿಗೆ, ಇದನ್ನ ಎಷ್ಟು ದಿನ ಇಡ್ಬೇಕಂತೆ?" ಎಂದು ತಮ್ಮನ ಹೆಂಡತಿ ನನ್ನ ಕೇಳಿದಳು.

"ಅರ್ಧ ಗಂಟೆಯಂತೆ."

"ಹಾಗಿದ್ರೆ ತರಕಾರಿ ಬೇರೆ ಕಡೆ ಇಡ್ತೀನಿ," ಎಂದು ಅವಳು ಬುಟ್ಟಿ ತಂದಳು.

ಡಿಸ್ಕ್ ತಣ್ಣಗಾಯಿತು, ಬದುಕಲಿಲ್ಲ. ಆಗ ಅರ್ಧಗಂಟೆ ಹಣೆ ಬಡಿದುಕೊಂಡು, "ಅಣ್ಣಾ, ಹಿಂದೊಂದು ಸಲ ನಿಮ್ಮ ಬಣ್ಣಗಳನ್ನೆಲ್ಲ ಪೆನ್ ಡ್ರೈವ್‌ಗೆ ಹಾಕಿ ಕೊಟ್ಟಿದ್ದೆ, ಜೋಪಾನ ಅಂತ ಹೇಳಿದ್ದೆ. ಎಲ್ಲಿದೆ ಅದು?" ಎಂದು ಕೇಳಿದ.

ತಮ್ಮನ ಮುಖ ಅರಳಿದ್ದನ್ನು ನೋಡಬೇಕಿತ್ತು. ನೇರವಾಗಿ ಹೋಗಿ ಏಣಿ ಹತ್ತಿದ. ಆ ಬೆರಳುದ್ದದ ವಸ್ತುವಿಗೆ ಧೂಳು ತಾಗಬಾರದು, ಇಲಿ ಮುಟ್ಟಬಾರದು, ಪಸೆ ಹಿಡಿಯಬಾರದು ಎಂದು ಅವನು ಅದಕ್ಕೆ ಹತ್ತಿ ಸುತ್ತಿ, ಹೊಚ್ಚಹೊಸ ಖಾಲಿ ಬಣ್ಣದ ಡಬ್ಬಿಯೊಳಗೆ ಇಟ್ಟು, ಮುಚ್ಚಳ ಬಡಿದು, ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲೆ ಇಟ್ಟಿದ್ದ. ಬಣ್ಣದವನಿಗೆ ಡಬ್ಬಿಗಿಂತ ಭದ್ರವಾದ ಜಾಗ ಇನ್ನಾವುದು? ಏಣಿಯ ಮೇಲೆ ನಿಂತು ಡಬ್ಬಿಗೆ ಕೈ ಹಾಕಿದವನು ಹಾಗೇ ನಿಂತ. ಡಬ್ಬಿ ಭಾರವಾಗಿತ್ತು.

ಕೆಳಗಿಳಿಸಿ ಮುಚ್ಚಳ ಎಬ್ಬಿಸಿದರು. ಒಳಗೆ ಕಂಠದವರೆಗೆ ಕರಿಯ ಎನಾಮಲ್, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇಬ್ಬರ ಮುಖವೂ ಅದರಲ್ಲಿ ಕಂಡಿತು.

ಪೇಂಟರನ್ನು ಕರೆದು ಕೇಳಿದರು. ಅವನು ಡಬ್ಬಿಯನ್ನು ನೋಡಿದ ಕೂಡಲೇ ಗುರುತು ಹಿಡಿದ. "ಅಮ್ಮಾವ್ರ ಗೇಟಿಗೆ ಹೊಡೆದು ಉಳಿದಿದ್ದು. ಎಲ್ಲಿ ಸುರೀಲಿ ಅಂತ ಕೇಳಿದ್ದಕ್ಕೆ ನೀವೇ ಹೇಳಿದ್ರಲ್ಲ ಸಾವ್ಕಾರ್ರೇ, ಮೇಲಿನ ಹಲಗೆ ಮೇಲೆ ಖಾಲಿ ಡಬ್ಬಿ ಇದೆ ತಗೋ ಅಂತ."

"ಒಳಗೆ ಹತ್ತಿ ಇತ್ತಲ್ಲಯ್ಯಾ."

"ಇತ್ತು. ಸೋಸೋಕೆ ಇಟ್ಟಿದ್ದಾರೆ ಅಂದ್ಕೊಂಡೆ. ನಮ್ಮ ಸಾವ್ಕಾರ್ರದ್ದು ಎಷ್ಟು ಶಿಸ್ತು ಅಂತ ಮನಸಲ್ಲೇ ಹೊಗಳಿದ್ದೆ."

ಕಲಕುವ ಕೋಲಿನಲ್ಲಿ ತಡಕಿ ಎತ್ತಿದರು. ಬಾವಿಯಿಂದ ಬೆಕ್ಕಿನ ಮರಿ ಎತ್ತಿದ ಹಾಗೆ ಕೋಲಿನ ತುದಿಯಲ್ಲಿ ಕಪ್ಪಗೆ ತೊಟ್ಟಿಕ್ಕುತ್ತಾ ಬಂತು. ಥಿನ್ನರಿನಲ್ಲಿ ತೊಳೆದರೆ ಪ್ಲಾಸ್ಟಿಕ್ಕೂ ಕರಗಿ ಕೈಗೆ ಅಂಟಿತು. ಅರ್ಧಗಂಟೆ ಅದನ್ನು ಕಾಗದದ ಮೇಲೆ ಇಟ್ಟು, "ಎಲ್ಲಾರೂ ಬ್ಯಾಕಪ್ ಇಡ್ತಾರೆ ಅಣ್ಣಾ. ಅದಕ್ಕೂ ಒಂದು ಕೋಟ್ ಹೊಡೆದಿಟ್ಟೋರು ನೀವೊಬ್ಬರೇ," ಅಂದ. ತಮ್ಮ ನಗಲಿಲ್ಲ.

ಇನ್ನು ಹಳೆಯದರ ಆಸೆ ಬಿಟ್ಟಾಯಿತು. ಹೊಸ ಡಿಸ್ಕ್ ಬಂತು. ತಮ್ಮ ಮಾತ್ರ, ಕಂಪ್ಯೂಟರನ್ನು ನಡೆಸುತ್ತಿದ್ದ ಹಳೆಯ ವ್ಯವಸ್ಥೆಯನ್ನೇ ಮತ್ತೆ ಹಾಕು, ನನಗೆ ಅದರ ಜೊತೆ ಹೊಂದಿಕೆಯಾಗಿದೆ ಅಂದ.

"ಅದರ ಸಿಡಿ ಕೊಡಿ."

ಸಿಡಿ ಹಿತ್ತಲಿನ ಕಿಟಕಿಯಲ್ಲಿ ದಾರಕ್ಕೆ ನೇತಾಡುತ್ತಿತ್ತು. ಪಾರಿವಾಳ ಹೆದರಲಿ ಎಂದು ಯಾವಾಗಲೋ ಕಟ್ಟಿದ್ದು. ಪಾರಿವಾಳಗಳು ಅದಕ್ಕೆ ಹೆದರದೆ ಅದರ ಮೇಲೂ ತಮ್ಮ ಗುರುತು ಬಿಟ್ಟಿದ್ದವು. ಅರ್ಧಗಂಟೆ ದೂರದಿಂದಲೇ ಕೈ ಮುಗಿದು, ಚೀಲದಿಂದ ಹೊಸದನ್ನು ತೆಗೆದ.

ಹೊಸದು ಒಳಗೆ ಹೋಗಲು ಅದರದೇ ಗತ್ತು. ಮೊದಲು ಈ ಕಂಪ್ಯೂಟರಿಗೆ ನೆನಪಿನ ಶಕ್ತಿ ಸಾಲದು ಅಂದಿತಂತೆ. ಅರ್ಧಗಂಟೆ ನೆನಪು ಹೆಚ್ಚಿಸುವ ಒಂದು ಪಟ್ಟಿ ತಂದು ಒಳಗೆ ಸಿಕ್ಕಿಸಿದ. ಆಮೇಲೆ ಪರದೆಯ ಮೇಲೆ ಚುಕ್ಕಿಗಳ ಬಳೆಯೊಂದು ಸುತ್ತಲು ಶುರುವಾಯಿತು. ತಮ್ಮ ಎದುರಿಗೆ ಸ್ಟೂಲು ಹಾಕಿಕೊಂಡು ಕೂತ. ಸುತ್ತಿತು, ಆರಿತು, ತಾನೇ ಎದ್ದಿತು, ಮತ್ತೆ ಸುತ್ತಿತು.

"ಆಯ್ತಾ?"

"ಇನ್ನು ಅರ್ಧ ಗಂಟೆ."

"ನಿನ್ನೇನೂ ಇದನ್ನೇ ಅಂದೆ."

"ನಿನ್ನೆ ಹಾಕ್ತಿದ್ದೆ. ಇವತ್ತು ಹಾಕಿದ್ದಕ್ಕೆ ಅಪ್ಡೇಟ್ ಬರ್ತಿದೆ. ಇದು ಹುಟ್ಟಿದ ಮೇಲೆ ಬಂದಿದ್ದೆಲ್ಲ ಸಾಲಾಗಿ ಬರ್ಬೇಕು. ನೀವು ಆಮೇಲೆ ಆಮೇಲೆ ಅಂದಿದ್ದು ಯಾರೂ ಮರೆತಿಲ್ಲ ಅಣ್ಣಾ, ಎಲ್ಲಾ ಒಟ್ಟಿಗೆ ಬಂದು ಬಾಗಿಲಲ್ಲಿ ನಿಂತಿವೆ."

ಅದೂ ಮುಗಿಯಿತು. ಆಗ ಬಣ್ಣದ ಯಂತ್ರದ ದಪ್ಪ ಕೇಬಲ್ ಸಿಕ್ಕಿಸುವ ಹಳೆಯ ತೂತನ್ನು ಹೊಸ ವ್ಯವಸ್ಥೆ ಕಣ್ಣೆತ್ತಿ ನೋಡಲಿಲ್ಲ. ಎರಡಕ್ಕೂ ಮಾತು ಬೆಸೆಯಲು ನಡುವೆ ಇನ್ನೊಂದು ತುಂಡು ಕೇಬಲ್ ಬೇಕಾಯಿತು. ಅಂತೂ ಒಂದು ಬೆಳಿಗ್ಗೆ ಯಂತ್ರ ಗುರ್ ಅಂದು ಒಂದು ಹನಿ ಹಳದಿಯನ್ನು ಡಬ್ಬಿಗೆ ಬಿಟ್ಟಿತು. ತಮ್ಮನ ಹೆಂಡತಿ ಎಲ್ಲರಿಗೂ ಚಹಾ ಕೊಟ್ಟಳು. ಕಂಪನಿಯ ಪುಸ್ತಕದ ಬಣ್ಣಗಳೆಲ್ಲ ಬಂದು ಕೂತಿದ್ದವು. "ಒಪ್ಪಿದರು" ಮಾತ್ರ ಇರಲಿಲ್ಲ.

ಕಂಪನಿಗೆ ಫೋನ್ ಮಾಡಿದರೆ, ಬಣ್ಣ ನೋಡಿ ಅಳತೆ ಹೇಳುವ ಯಂತ್ರ ನಮ್ಮಲ್ಲಿದೆ, ಅಂಗೈ ಅಗಲದ ಗೋಡೆಯ ತುಂಡು ಕಳಿಸಿ ಅಂದರು. ತಮ್ಮ ಹೋಗಿ ಬೀಗಿತ್ತಿಯನ್ನು ಹೆದರುತ್ತಲೇ ಕೇಳಿದ. "ಗೋಡೆ ಯಾಕೆ ಕೀಳ್ತೀರಿ? ಬೋರ್ಡ್ ಕಿತ್ತು ಕಳಿಸಿ," ಅಂದರು. ಖಾಲಿ ಡ್ರಮ್ಮಿನ ಅಂಚಿನಲ್ಲಾದರೂ ಒಣಗಿದ ಚಕ್ಕೆ ಸಿಕ್ಕೀತೇ ಎಂದರೆ, ಆಕೆ ಅದನ್ನು ತಿಕ್ಕಿ ತಿಕ್ಕಿ ತೊಳೆದು ನೀರು ತುಂಬಿಸಿಟ್ಟಿದ್ದರು. ಆಕೆ ತೊಳೆದ ಪಾತ್ರೆಯಲ್ಲಿ ಏನೂ ಉಳಿಯುವುದಿಲ್ಲ.

ಉಳಿದದ್ದು ಕಣ್ಣೊಂದೇ. ತಮ್ಮ ಪುಸ್ತಕದಲ್ಲಿ ಹತ್ತಿರದ ಬಣ್ಣ ಹಿಡಿದು, ಹನಿ ಹೆಚ್ಚುಕಡಿಮೆ ಮಾಡಿ, ಸಣ್ಣ ಡಬ್ಬಿಯಲ್ಲಿ ಒಯ್ದು, ಎಡಗಡೆಯ ಗೋಡೆಯ ಮೇಲೆ ಗೇಟಿನ ಪಕ್ಕ ಒಂದು ಅಂಗೈಯಗಲ ಬಳಿದ. ಬೀಗಿತ್ತಿ ಪಕ್ಕದಲ್ಲೇ ನಿಂತಿದ್ದರು. ಬ್ರಷ್ ಎತ್ತುವ ಮೊದಲೇ "ಅಲ್ಲ" ಅಂದರು.

"ಒಣಗಲಿ ಬೀಗಿತ್ತಿಯವರೇ, ನೋಡೋಣ."

"ಒಣಗಿದ ಮೇಲೆ ಹೇಳೋದಾದ್ರೆ ನಾನ್ಯಾಕೆ ಬಿಸಿಲಲ್ಲಿ ನಿಂತಿದ್ದೀನಿ? ಅಲ್ಲ ಅಂದ್ರೆ ಅಲ್ಲ."

ಬೇರೆ ಯಾವ ಗಿರಾಕಿಯಾಗಿದ್ದರೂ ತಮ್ಮ ಬಣ್ಣ ಒಣಗುವ ವಿದ್ಯೆಯ ಬಗ್ಗೆ ಪಾಠ ಮಾಡಿ ಕೂರಿಸುತ್ತಿದ್ದ. ಒದ್ದೆ ಬಣ್ಣ ನೋಡಿ ತೀರ್ಪು ಕೊಡಬಾರದು, ಎರಡು ಬಿಸಿಲು ಕಾಣಲಿ ಎಂದು ಅವನು ಹೇಳುವುದನ್ನು ನಾನು ಸಾವಿರ ಸಲ ಕೇಳಿದ್ದೇನೆ. ಆದರೆ ಮಗಳ ಅತ್ತೆಯ ಎದುರು ನಿಂತರೆ ಅವನ ವಿದ್ಯೆಯೆಲ್ಲ ಮಂಗಮಾಯ. "ಅಲ್ಲ ಅಲ್ವಾ? ನಂಗೂ ಹಾಗೇ ಅನ್ನಿಸ್ತು," ಎಂದು ವಾಪಸು ಬಂದು ಇನ್ನೊಂದನ್ನು ಬೆರೆಸಿದ. ಕಂಪ್ಯೂಟರಿನ ಹೊಸ ವ್ಯವಸ್ಥೆ ಪ್ರತಿ ಸಲವೂ ಈ ಬಣ್ಣಕ್ಕೆ ಏನು ಹೆಸರು ಎಂದು ಕೇಳುತ್ತಿತ್ತು. ಹೆಸರು ಹೇಳದಿದ್ದರೆ ಮುಂದೆ ಹೋಗುತ್ತಿರಲಿಲ್ಲ. ತಮ್ಮ ಸಿಟ್ಟಿನಿಂದ "ಅಲ್ಲ ಒಂದು" ಎಂದು ಹಾಕಿದ. ಆಮೇಲೆ "ಅಲ್ಲ ಎರಡು", "ಅಲ್ಲ ಮೂರು". ಎಲ್ಲವೂ ಒಂದರ ಪಕ್ಕ ಒಂದು ಗೋಡೆ ಸೇರಿದವು. ಬೀಗಿತ್ತಿ ನಡುವೆ ಒಂದೊಂದು ಗೇಣು ಬಿಡಿಸಿ, ಸಾಲಾಗಿ ಬಳಿಸಿದರು. ತೇಪೆಯಾದರೂ ನೆಟ್ಟಗಿರಬೇಕು ಆಕೆಗೆ.

"ಅಲ್ಲ ಏಳು" ಆದ ಮೇಲೆ ರಸ್ತೆಯಲ್ಲಿ ಹೋಗುವವರೂ ನಿಲ್ಲತೊಡಗಿದರು. ಹಾಲಿನವನು 'ಅಲ್ಲ ಎರಡು' ಚೆನ್ನಾಗಿದೆ ಅಂದ. ಪಕ್ಕದ ಬೀದಿಯ ಒಬ್ಬಾಕೆ ಬಂದು ಗೇಟಿನ ಪಕ್ಕದ ಮೊದಲನೆಯದನ್ನು ತನ್ನ ಮನೆಗೆ ಕೊಡಿ ಎಂದು ಕೇಳಿ, ತೆಗೆದುಕೊಂಡೂ ಹೋದಳು. ವ್ಯಾಪಾರವಾದರೂ ತಮ್ಮನ ಮುಖದಲ್ಲಿ ಕಳೆ ಇರಲಿಲ್ಲ. ಊಟಕ್ಕೆ ಕೂತವನು ತಟ್ಟೆಯಲ್ಲಿದ್ದ ಮೊಸರನ್ನೇ ಓರೆ ಮಾಡಿ ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಅಕ್ಕಾ," ಅಂದ ಒಂದು ದಿನ, "ಕೈಯಲ್ಲಿ ಬೆರೆಸ್ತಿದ್ದಾಗ ಜನ ಮೋಡ ಅಂದ್ರೂ ತಡ್ಕೊಂಡಿದ್ದೆ. ಆಗ ನಾನು ಮಾತು ಕೊಟ್ಟಿರಲಿಲ್ಲ. ಈಗ ಬೋರ್ಡಿನ ಕೆಳಗೆ ಬರೆದಿದ್ದೀನಲ್ಲ."

"ಅವರ ಗೋಡೆ ನೋಡೋದು ಬಿಟ್ಟು ಉಣ್ಣು," ಅಂದೆ. ಅವನು ಉಣ್ಣಲಿಲ್ಲ.

ತಿಂಗಳ ಕೊನೆ ಹತ್ತಿರ ಬಂತು. ಒಂದು ಸಣ್ಣ ಮಳೆ ಬಂದು ಹೋಗಿ, ಮೂರು ದಿನ ಒಳ್ಳೆಯ ಬಿಸಿಲು ಕಾಯಿತು. ಓರಗಿತ್ತಿ ಬರಲು ಮೂರು ದಿನ ಇದೆ ಅನ್ನುವಾಗ ಬೆಳಿಗ್ಗೆ ತಮ್ಮ ಏಣಿ ತೆಗೆದು ಬೋರ್ಡಿಗೆ ಒರಗಿಸಿದ. ಕೈಯಲ್ಲಿ ಕೆರೆಯುವ ತಗಡು. ಅರ್ಧಗಂಟೆ ಯಾವುದೋ ಕೊನೆಯ ಅಪ್ಡೇಟ್ ನೋಡಲು ಬಂದವನು ಏಣಿ ಹಿಡಿದುಕೊಂಡ. ಹಿಡಿಯದೆ ಇದ್ದಿದ್ದರೆ ಹತ್ತುತ್ತಿರಲಿಲ್ಲವೇನೋ ಎಂದು ಅವನ ಮೇಲೆ ನನಗೆ ಸಿಟ್ಟು ಬಂತು. ತಮ್ಮ ಸಾಲಿನ ಕೊನೆಯಿಂದ ಶುರುಮಾಡಿದ. ಮೇಲಕ್ಕೆ ಹತ್ತಿಕೊಂಡಿದ್ದ ಆ ಕೊನೆಯ ಅಕ್ಷರ ಚಕ್ಕೆ ಚಕ್ಕೆಯಾಗಿ ಕೆಳಗೆ ಉದುರಿತು.

"ಬೀಗರೇ, ಇಳೀರಿ ಕೆಳಗೆ."

ಬೀಗಿತ್ತಿ ರಸ್ತೆಯ ನಡುವೆ ನಿಂತಿದ್ದರು. ಆಕೆ ಬೋರ್ಡಿನ ಕಡೆ ನೋಡಲೇ ಇಲ್ಲ.

"ನನ್ನ ಗೋಡೆ ಮೇಲಿನ ಒಂದು ತೇಪೆ ಕಾಣೆಯಾಗಿದೆ. ಯಾರು ತೆಗೆದದ್ದು?"

"ಬಳಿದ ಬಣ್ಣ ಯಾರು ಕದೀತಾರೆ ಬೀಗಿತ್ತಿಯವರೇ?"

"ಅದನ್ನೇ ನಾನೂ ಕೇಳ್ತಿರೋದು. ದಿನಾ ನೋಡ್ತೀನಿ, ನನ್ನ ಕಣ್ಣು ತಪ್ಪಲ್ಲ. ಮೂರನೇದಿದೆ, ಐದನೇದಿದೆ. ನಡುವಿನ ಹಲ್ಲು ಬಿದ್ದ ಹಾಗಿದೆ. ಬಂದು ನೋಡಿ."

ಎಲ್ಲರೂ ಹೋದೆವು. ಆಕೆ ಹೇಳಿದ್ದು ನಿಜ. ತೇಪೆಗಳ ಸಾಲಿನಲ್ಲಿ ಮೂರನೆಯದಾದ ಮೇಲೆ ಬೋಳು ಗೋಡೆ, ಅದರಾಚೆ ಐದನೆಯದು. ಯಾರೂ ತೊಳೆದ ಗುರುತಿಲ್ಲ, ಕೆರೆದ ಗುರುತಿಲ್ಲ. ತಮ್ಮ ಬಗ್ಗಿ ನೋಡಿದ, ದೂರ ನಿಂತು ನೋಡಿದ, ಒಂದು ಕಣ್ಣು ಮುಚ್ಚಿ ನೋಡಿದ. ಪೇಂಟರ್ ಮುಂದೆ ಬಂದು ಆ ಜಾಗದ ಮೇಲೆ ಬೆರಳ ತುದಿಯನ್ನು ಮೆಲ್ಲಗೆ ಆಡಿಸಿದ. ಒಂದು ಕಡೆ ಬೆರಳು ನಿಂತಿತು.

"ಇಲ್ಲೇ ಇದೆ ಸಾವ್ಕಾರ್ರೇ. ಬ್ರಷ್ಷಿನ ಅಂಚು ಕೈಗೆ ಸಿಗುತ್ತೆ. ಕಣ್ಣಿಗೆ ಸಿಗ್ತಿಲ್ಲ ಅಷ್ಟೇ."

ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಗೋಡೆ ಸವರಿದರು. ಬೀಗಿತ್ತಿ ಕೊನೆಗೆ ಸವರಿದರು, ಎರಡು ಸಲ.

"ಒಣಗಲಿ ಅಂದಿದ್ದೆ," ಅಂದ ತಮ್ಮ, ಗೋಡೆಗೆ ಹೇಳುವ ಹಾಗೆ.

"ಗಟ್ಟಿಯಾಗಿ ಹೇಳ್ಬೇಕಿತ್ತು," ಅಂದರು ಬೀಗಿತ್ತಿ.

ಅಂಗಡಿಗೆ ಓಡಿದರು. ತಮ್ಮನಿಗೆ ಮತ್ತೆ ಭಯ: ಈ ಕಂಪ್ಯೂಟರ್ ಅದನ್ನು ಇಟ್ಟುಕೊಂಡಿದೆಯೋ ಇಲ್ಲವೋ. ಅರ್ಧಗಂಟೆ ಕೀಲಿಗಳನ್ನು ಒತ್ತಿದ ಕೂಡಲೇ ಬಂತು, "ಅಲ್ಲ ನಾಲ್ಕು", ಹನಿಹನಿಯ ಲೆಕ್ಕ ಸಮೇತ. ಇದರ ಇನ್ನೊಂದು ಪ್ರತಿ ಇಂಟರ್ನೆಟ್ ಮೂಲಕ ಅಂಗಡಿಯ ಹೊರಗೂ ತಾನಾಗಿಯೇ ಹೋಗಿ ಭದ್ರವಾಗಿ ಕೂರುವ ಹಾಗೆ ಮಾಡಿದ್ದೇನೆ ಅಂದ.

"ಡಬ್ಬಿ ಬೇಡ್ವಾ?" ಎಂದು ತಮ್ಮ ಕೇಳಿದ.

"ಬೇಡ ಅಣ್ಣಾ. ಹತ್ತೀನೂ ಬೇಡ."

ಯಂತ್ರ ಗುರ್ ಅಂದಿತು. ಪೇಂಟರ್ ಕತ್ತಲಾಗುವುದರೊಳಗೆ ಬಲಗಡೆಯ ಗೋಡೆ ಮುಗಿಸಿ, ಎಡಗಡೆಯ ಉಳಿದ ತೇಪೆಗಳನ್ನೂ ಮುಚ್ಚಿದ. ಎರಡು ದಿನ ಕಳೆದರೆ ಎಲ್ಲಿ ಹಳೆಯದು ಮುಗಿಯಿತು, ಎಲ್ಲಿ ಹೊಸದು ಶುರುವಾಯಿತು ಎಂದು ಬಳಿದವನಿಗೇ ಗೊತ್ತಾಗಲಿಲ್ಲ. ಓರಗಿತ್ತಿ ಬಂದರು, ಗೇಟಿನಲ್ಲಿ ನಿಂತು ಆ ಕಡೆ ಈ ಕಡೆ ನೋಡಿದರು. "ಗೋಡೆಗೆ ಬಣ್ಣ ಹೊಡೆಸ್ತೀನಿ ಅಂದಿದ್ಯಲ್ಲೇ, ಇನ್ನೂ ಹೊಡೆಸಿಲ್ವಾ?" ಅಂದರಂತೆ. ಇದನ್ನು ಹೇಳಿದ್ದು ನಮ್ಮ ಹುಡುಗಿ. ನಗು ತಡೆಯಲಾರದೆ ತವರಿಗೆ ಓಡಿಬಂದು ಅಡುಗೆಮನೆಯಲ್ಲಿ ಕೂತು ಹೇಳಿದಳು. ಬೀಗಿತ್ತಿ ಮಾತ್ರ ಅಂದಿನಿಂದ ಆ ಗೋಡೆಯ ಬಗ್ಗೆ ಯಾರ ಹತ್ತಿರವೂ ಒಂದು ಕೆಟ್ಟ ಮಾತಾಡಲಿಲ್ಲ. ನಮ್ಮ ಅಂಗಡಿಯಲ್ಲಿ ಆ ಬಣ್ಣಕ್ಕೆ ಈಗಲೂ "ಅಲ್ಲ ನಾಲ್ಕು" ಅಂತಲೇ ಹೆಸರು.

ತಮ್ಮ ಮತ್ತೆ ಏಣಿ ಹತ್ತಿ, ಕೆರೆದುಹಾಕಿದ್ದ ಅಕ್ಷರವನ್ನು ಬರೆದ. ಈ ಸಲವೂ ಜಾಗ ಸಾಲಲಿಲ್ಲ. ಕೆಳಗಿಳಿದು ಕೈ ಒರೆಸಿಕೊಂಡು ಕಂಪ್ಯೂಟರಿನ ಮೇಲಿನ ಬಟ್ಟೆ ಸರಿಸಿದರೆ ಚಿಕ್ಕ ಚೌಕ ಬಂದು ಕಾದಿತ್ತು: ಅಪ್ಡೇಟ್ ಬಂದಿದೆ, ಈಗ ಹಾಕಲೋ, ಆಮೇಲೆ ಹಾಕಲೋ? ಅವನ ಬಾಯಿಗೆ "ಆ" ಎಂಬಷ್ಟು ಬಂದೇಬಿಟ್ಟಿತ್ತು. ನುಂಗಿಕೊಂಡು, "ಈಗಲೇ ಹಾಕ್ಕೋಪ್ಪಾ," ಎಂದು ಒತ್ತಿ, ಸ್ಟೂಲು ಎಳೆದುಕೊಂಡು ಕೂತ. ಬಳೆ ಸುತ್ತತೊಡಗಿತು.

ಬೀಗಿತ್ತಿ ರಸ್ತೆ ದಾಟಿ ಬಂದು ಹೊರಗೆ ನಿಂತು ತಲೆ ಎತ್ತಿ ನೋಡಿದರು.

"ಬೀಗರೇ, ಆ ಕೊನೇ ಅಕ್ಷರದ ಕೆಂಪು ಬೇರೆ ಇದೆ. ಮಿಕ್ಕಿದ್ದಕ್ಕೆ ಹೊಂದ್ತಿಲ್ಲ."

"ಒಣಗಲಿ ಬೀಗಿತ್ತಿಯವರೇ," ಅಂದ ತಮ್ಮ, ಈ ಸಲ ಗಟ್ಟಿಯಾಗಿಯೇ.

"ಎಷ್ಟು ಹೊತ್ತು ಬೇಕು?"

ಅವನು ಬಳೆಯ ಮೇಲಿನ ಕಣ್ಣು ತೆಗೆಯದೆ ಹೇಳಿದ, "ಅರ್ಧ ಗಂಟೆ."